ಸನ್ನೆ ಮೊದಲು, ಪೆಟ್ಟು ಆಮೇಲೆ

ಪರದೆಯ ಮೇಲೆ ಚಿಕ್ಕಮ್ಮನ ಬಿಳಿ ಲಂಗದ ಅಂಚು ಗಾಳಿಯಲ್ಲಿ ಎದ್ದು ನಿಂತಿತ್ತು. ಅದರ ಕೆಳಗೆ, ಹಾಡಿನ ಧ್ವನಿಯನ್ನು ತೋರಿಸುವ ಹಸಿರು ಗೆರೆಯಲ್ಲಿ, ಡ್ರಮ್ಮಿನ ಪೆಟ್ಟೊಂದು ಚೂಪಾದ ಶಿಖರವಾಗಿ ಎದ್ದಿತ್ತು. ಎರಡರ ನಡುವೆ ರೆಪ್ಪೆ ಬಡಿಯುವುದಕ್ಕಿಂತಲೂ ಕಡಿಮೆ ಅಂತರ. ಲಂಗ ಮೊದಲು, ಪೆಟ್ಟು ಆಮೇಲೆ. ದಲಿಮಾರ್ ಚಿತ್ರವನ್ನು ಒಂದಿಷ್ಟು ಬಲಕ್ಕೆ ಸರಿಸಿದಳು. ಈಗ ಲಂಗದ ತುದಿಯೂ ಶಿಖರದ ತುದಿಯೂ ಒಂದೇ ಗೆರೆಗೆ ಬಂದವು.

"ಆಯ್ತು ನೋಡು," ಎಂದಳು. "ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

ಪಕ್ಕದ ಕುರ್ಚಿಯಲ್ಲಿ ಎಲಿಯೂತ್ ಎರಡು ಸ್ವೆಟರ್ ಹಾಕಿಕೊಂಡು ಮುದುಡಿ ಕುಳಿತಿದ್ದ. ಹೊರಗೆ ಮಾಯಾಗ್ವೇಸ್ ಪಟ್ಟಣದ ಮಧ್ಯಾಹ್ನ ಕಾದ ಹೆಂಚಿನಂತಿತ್ತು. ಕಾಲೇಜಿನ ಎಡಿಟಿಂಗ್ ಕೋಣೆಯ ಏಸಿ ಮಾತ್ರ ಯಾರ ಮಾತನ್ನೂ ಕೇಳುವಂತಿರಲಿಲ್ಲ.

"ನಿಂಗೆ ಫಿಸಿಕ್ಸ್ ಕಲಿಸಿದ್ದೇ ತಪ್ಪು," ಎಂದ ಅವನು. "ಜನ ಕುಣಿಯೋದನ್ನೂ ಸ್ಕೇಲ್ ಇಟ್ಟು ಅಳೀತೀಯಲ್ಲ ಮಾರಾಯ್ತಿ."

"ಹಾಡು ನಿಂದು. ಚೆನ್ನಾಗಿ ಬರ್ಲಿ ಅಂತ ತಾನೇ ಒದ್ದಾಡ್ತಿರೋದು?"

"ಚೆನ್ನಾಗೇ ಇದೆ. ಇನ್ನು ಬಿಡು, ಹೊಟ್ಟೆ ಹಸೀತಿದೆ."

ದಲಿಮಾರ್ ಓದುತ್ತಿದ್ದುದು ಭೌತಶಾಸ್ತ್ರ. ವಿಡಿಯೋ ತರಗತಿಯನ್ನು ಈ ಸಲ ಐಚ್ಛಿಕವಾಗಿ ತೆಗೆದುಕೊಂಡಿದ್ದಳು. ಕೊನೆಯ ಕೆಲಸವೆಂದರೆ ಒಂದು ಮ್ಯೂಸಿಕ್ ವಿಡಿಯೋ. ಅದನ್ನು ಮುಂದಿನ ಶುಕ್ರವಾರ ಕಾಲೇಜಿನ ಸಭಾಂಗಣದಲ್ಲಿ ಎಲ್ಲರ ಮುಂದೆ ತೋರಿಸಬೇಕು. ತೋರಿಸಿದ ಮೇಲೆ ಪ್ರೊಫೆಸರ್ ಲುಗೊ ಒಂದೇ ಪ್ರಶ್ನೆ ಕೇಳುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು: ಯಾವ ತಂತ್ರ ಬಳಸಿದಿರಿ ಎಂದಲ್ಲ, ಅದನ್ನೇ ಯಾಕೆ ಆರಿಸಿದಿರಿ ಎಂದು.

ಎಲಿಯೂತ್ ಅವಳ ಸಹಪಾಠಿ, ಹಾಡುಗಾರ. ಬೊಂಬಾ ಎಂಬ ಊರ ಕುಣಿತದ ಪೀಪಾಯಿ ಡ್ರಮ್ಮುಗಳನ್ನಿಟ್ಟು ಅವನೇ ಕಟ್ಟಿದ ಹಾಡು ಅದು. ನಡುವೆ ಹಾಡುಗಾರಿಕೆ ನಿಂತು ಬರೀ ಡ್ರಮ್ಮು ನುಡಿಯುವ ಒಂದು ಭಾಗವಿತ್ತು. ಅದನ್ನು ನುಡಿಸಿದವರು ಹಿರಿಯ ಡ್ರಮ್ಮುಗಾರ ದೋನ್ ಹೆನಾರೊ. ಸ್ಟುಡಿಯೋದ ಗಾಜಿನ ಹಿಂದೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಒಬ್ಬರೇ ಕುಳಿತು ನುಡಿಸಿದ್ದರು. ಎದುರಿಗೆ ಕುಣಿಯುವವರು ಯಾರೂ ಇರಲಿಲ್ಲ. "ಗೋಡೆಗೆ ಉತ್ತರ ಕೊಟ್ಟ ಹಾಗಾಯ್ತು," ಎಂದು ಹೊರಬಂದವರು ಹೇಳಿದ್ದನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

ಚಿತ್ರೀಕರಣ ನಡೆದದ್ದು ದಲಿಮಾರಳ ತೀತಿಯ, ಅಂದರೆ ಚಿಕ್ಕಮ್ಮ ಮಿಗ್ದಾಲಿಯಾಳ ಅಂಗಳದಲ್ಲಿ. ಸ್ಪೀಕರಿನಲ್ಲಿ ಹಾಡು ಹಾಕಿದರು. ದೋನ್ ಹೆನಾರೊ ಡ್ರಮ್ಮಿನ ಮೇಲೆ ಟವೆಲ್ ಹೊದಿಸಿ ನುಡಿಸುವವರಂತೆ ಕೈಯಾಡಿಸಿದರು. ಮಿಗ್ದಾಲಿಯಾ ಹಾಡನ್ನು ವಾರವಿಡೀ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು. ಮತ್ತೆ ಮತ್ತೆ ಹಾಕಿದಾಗಲೂ ಮತ್ತೆ ಮತ್ತೆ ಕುಣಿದಳು. ಆಮೇಲೆ ಮಂಡಿ ಹಿಡಿದುಕೊಂಡು ಬೆಂಚಿನ ಮೇಲೆ ಕುಳಿತಳು. ಸ್ವಲ್ಪ ಹೊತ್ತಾದ ಮೇಲೆ ಎದ್ದು, "ಆ ಸ್ಪೀಕರ್ ಬಾಯಿ ಮುಚ್ಸಿ. ಒಂದ್ಸಲ ನನಗೋಸ್ಕರ ಕುಣೀತೀನಿ," ಎಂದಳು. ಸ್ಪೀಕರ್ ಆರಿಸಿದರು, ಟವೆಲ್ ತೆಗೆದರು. ಎಲಿಯೂತ್ ಕ್ಯಾಮೆರಾ ಆರಿಸಲಿಲ್ಲ. ದಲಿಮಾರ್ ಎರಡನೇ ಡ್ರಮ್ಮಿನ ಹಿಂದೆ ಕುಳಿತು ತಾಳ ಹಿಡಿದಳು. ಹಾಡಿಗೆ ಹೊಂದದ ಆ ತುಣುಕನ್ನು ಎಡಿಟಿಂಗ್‌ನಲ್ಲಿ ಅವಳು ತೆರೆದೂ ನೋಡಿರಲಿಲ್ಲ.

ಅವಳು ಆರಿಸಿಕೊಂಡ ತಂತ್ರ ಸರಳವಾದದ್ದು: ತಾಳಕ್ಕೆ ಸರಿಯಾಗಿ ಕತ್ತರಿಸುವುದು. ಪೆಟ್ಟು ಬಿದ್ದ ಕಡೆಯೆಲ್ಲ ಚಿತ್ರ ಬದಲಾಗಬೇಕು. ಕಾಲು, ಕೈ, ಲಂಗ, ಮುಖ, ಮತ್ತೆ ಕಾಲು. ಆದರೆ ತೀತಿಯ ಸನ್ನೆಗಳೆಲ್ಲ ಪೆಟ್ಟಿಗಿಂತ ತುಸು ಮುಂಚೆ ಬೀಳುತ್ತಿದ್ದವು. ದಲಿಮಾರ್ ಕಾರಣ ಹುಡುಕಿದಳು. ಕ್ಯಾಮೆರಾ ಇದ್ದದ್ದು ಅಂಗಳದ ಈ ತುದಿಯಲ್ಲಿ, ಸ್ಪೀಕರ್ ಆ ತುದಿಯಲ್ಲಿ. ಶಬ್ದ ಅಷ್ಟು ದೂರ ಗಾಳಿಯಲ್ಲಿ ಬರುವಷ್ಟರಲ್ಲಿ ತಡವಾಗುತ್ತದೆ. ಕ್ಯಾಮೆರಾದ ಶಬ್ದವನ್ನು ಹಾಡಿಗೆ ಹೊಂದಿಸಿದರೆ ಚಿತ್ರ ಮುಂದಕ್ಕೆ ಜಿಗಿಯುತ್ತದೆ. ಲೆಕ್ಕ ಹಾಕಿದಳು. ಒಂದು ಫ್ರೇಮಿನಷ್ಟು, ಅಂದರೆ ವಿಡಿಯೋದ ಒಂದು ಬಿಡಿ ಚಿತ್ರದಷ್ಟು, ಬಂತು. ಪರದೆಯ ಮೇಲಿನ ಅಂತರ ಅದಕ್ಕಿಂತ ಹೆಚ್ಚಿತ್ತು. ಉಳಿದದ್ದನ್ನು ಸ್ಪೀಕರಿನ ತಲೆಗೆ ಕಟ್ಟಿ, ಒಂದೊಂದೇ ತುಣುಕನ್ನು ಹಿಂದಕ್ಕೆ ತಳ್ಳಿ ಪೆಟ್ಟಿಗೆ ಕೂಡಿಸಿದ್ದಳು.

ತರಗತಿಯಲ್ಲಿ ನೋಡಿದವರೆಲ್ಲ ಚೆನ್ನಾಗಿದೆ ಎಂದರು. ಪ್ರೊಫೆಸರ್ ಲುಗೊ ಮಾತ್ರ, "ಚೊಕ್ಕವಾಗಿದೆ," ಎಂದು ಹೇಳಿ ಗಲ್ಲ ಕೆರೆದುಕೊಂಡರು.

*

"ಆಶೀರ್ವಾದ ಬೇಕು, ತೀತಿ."

"ದೇವರು ಒಳ್ಳೇದು ಮಾಡ್ಲಿ, ಮಗಳೇ. ಚಪ್ಪಲಿ ಅಲ್ಲೇ ಬಿಡು, ನೆಲ ಒರೆಸಿದೀನಿ. ಒರೆಸೋಕೆ ನಂಗೆಷ್ಟು ಹೊತ್ತು ಹಿಡೀತು ಅಂತ ಕೇಳ್ಬೇಡ."

ಮಿಗ್ದಾಲಿಯಾ ಅಡುಗೆಮನೆಯ ಮೇಜಿನ ಮುಂದೆ, ಎದುರು ಕುರ್ಚಿಯ ಮೇಲೆ ಕಾಲು ಚಾಚಿಕೊಂಡು, ಹಸಿ ತೊಗರಿಕಾಯಿ ಸುಲಿಯುತ್ತಿದ್ದಳು. ಮಂಡಿಗೆ ಸುತ್ತಿದ ಪಟ್ಟಿ ಅವತ್ತಿಗಿಂತ ದಪ್ಪವಾಗಿತ್ತು. ಚಿತ್ರೀಕರಣವಾದ ದಿನದಿಂದ ಊತ ಇಳಿದಿರಲಿಲ್ಲ. ದಲಿಮಾರ್ ಬೋಗುಣಿಯನ್ನು ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ಇಟ್ಟಳು.

ತೀತಿ ಕಾಯಿ ಸುಲಿಯುತ್ತಲೇ ನೋಡಿದಳು. ನಡುವೆ ಎಲ್ಲೋ ಅವಳ ಬೆರಳು ನಿಂತವು. ಮುಗಿದ ಮೇಲೆ ಒಂದು ಕಾಯಿ ಎತ್ತಿಕೊಂಡು ಅದರ ತುದಿ ಮುರಿದಳು.

"ಯಾರವಳು?"

"ಯಾರು, ತೀತಿ?"

"ಆ ಬಿಳಿ ಲಂಗದೋಳು. ಲಂಗ ನಂದು. ಕಾಲೂ ನಂದೇ ಥರ ಇದೆ. ಆದ್ರೆ ಅವಳು ಡ್ರಮ್ಮಿಗೆ ಕಾಯ್ತಾಳೆ."

ಹಿಂಬಾಗಿಲಿನಿಂದ ದೋನ್ ಹೆನಾರೊ ಮಾವಿನಹಣ್ಣಿನ ಚೀಲ ಹಿಡಿದು ಒಳಗೆ ಬಂದರು. ಪಕ್ಕದ ಮನೆಯವರು, ಕದ ತಟ್ಟುವ ಅಭ್ಯಾಸ ಎರಡೂ ಮನೆಗೆ ಇರಲಿಲ್ಲ. "ಯಾರು ಕಾಯ್ತಾಳೆ? ಇವಳಾ?" ಎಂದರು. "ಇವಳು ಏನು ಮಾಡ್ತಾಳೋ ಅಂತ ಹುಡುಗನಾಗಿದ್ದಾಗಿಂದ ಬಾಯಿ ಬಿಟ್ಕೊಂಡು ಕಾಯ್ತಿರೋನು ನಾನು. ಊರಿಗೆಲ್ಲ ಗೊತ್ತು."

"ಬಾಯಿ ಬಿಟ್ಕೊಂಡು ಅನ್ನೋದಂತೂ ನಿಜ," ಎಂದಳು ಮಿಗ್ದಾಲಿಯಾ. "ಬನ್ನಿ, ನೋಡಿ. ಇದರಲ್ಲಿ ನೀವು ಯಜಮಾನ್ರು, ನಾನು ಕೆಲಸದೋಳು."

ದೋನ್ ಹೆನಾರೊ ಕನ್ನಡಕ ಹಾಕಿಕೊಂಡು ಒಂದು ಸಲ ನೋಡಿದರು. ಹಣ್ಣುಗಳನ್ನು ಒಂದೊಂದಾಗಿ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು.

ಬೊಂಬಾದಲ್ಲಿ ಎರಡು ಬಗೆಯ ಡ್ರಮ್ಮು. ಬುಲೆಯಾದೊರ್ ತಾಳ ಹಿಡಿದಿರುತ್ತದೆ. ಯಾರು ಬಂದರೂ ಯಾರು ಹೋದರೂ ಅದರ ನಡೆ ಬದಲಾಗದು. ಪ್ರಿಮೊ ಹಾಗಲ್ಲ. ಕುಣಿಯುವವಳು ಅಂಗಳಕ್ಕೆ ಬಂದು ಒಂದು ಸುತ್ತು ಹಾಕಿ, ಪ್ರಿಮೊಗೆ ತಲೆಬಾಗುತ್ತಾಳೆ. ಅಲ್ಲಿಂದ ಮುಂದೆ ಮಾತು ಅವಳದು. ಅವಳು ಲಂಗ ಎಸೆದರೆ, ಭುಜ ಕುಣಿಸಿದರೆ, ಹಿಮ್ಮಡಿ ನೆಲಕ್ಕೊತ್ತಿದರೆ, ಪ್ರಿಮೊ ಅದಕ್ಕೆ ಪೆಟ್ಟಿನಲ್ಲಿ ಉತ್ತರ ಕೊಡಬೇಕು. ಡ್ರಮ್ಮಿಗೆ ಕುಣಿಯುವವರು ಬೇರೆ ನೃತ್ಯಗಳಲ್ಲಿದ್ದಾರೆ. ಇಲ್ಲಿ ಕುಣಿತಕ್ಕೆ ಡ್ರಮ್ಮು.

ದಲಿಮಾರಳಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಇದೇ ಅಂಗಳದಲ್ಲಿ ಬೆಳೆದವಳು. ಆದರೆ ಚಿಕ್ಕಂದಿನಿಂದ ಅವಳು ಕುಳಿತದ್ದು ಬುಲೆಯಾದೊರ್ ಹಿಂದೆ. "ಕಾಲು ನೋಡ್ಬೇಡ. ನೋಡಿದ್ರೆ ಕೈ ಅದರ ಹಿಂದೆ ಓಡುತ್ತೆ," ಎಂದು ದೋನ್ ಹೆನಾರೊ ಅವಳಿಗೆ ಕಲಿಸಿದ್ದರು. ಅವಳು ನೆಲ ನೋಡುತ್ತ, ತಾಳವೊಂದನ್ನೇ ಕೇಳುತ್ತ ದೊಡ್ಡವಳಾದಳು. ಪೆಟ್ಟಿಗೆ ಎಲ್ಲವೂ ಹೊಂದಬೇಕೆಂಬುದು ಅವಳಿಗೆ ಕೈಯಿಂದ ಬಂದ ಬುದ್ಧಿ.

"ಸಿಟ್ಟು ಬಂತಾ, ತೀತಿ?"

"ಸಿಟ್ಟು ಯಾಕೆ? ಕೇಳಿಲ್ಲಿ." ಮಿಗ್ದಾಲಿಯಾ ಸಿಪ್ಪೆಗಳನ್ನು ಅಂಗೈಯಿಂದ ಒಂದು ಕಡೆ ಗುಡಿಸಿದಳು. "ಬರೋ ಸೋಮವಾರ ಆಸ್ಪತ್ರೆಗೆ ಹೋಗ್ತೀನಿ. ಹೊಸ ಮಂಡಿ ಹಾಕ್ತಾರೆ. ಅದು ನಡಿಯೋಕೆ, ಕುಣಿಯೋಕಲ್ಲ ಅಂತ ಡಾಕ್ಟ್ರು ಬಿಡಿಸಿ ಹೇಳಿದಾರೆ. ಈ ಅಂಗಳದಲ್ಲಿ ಫೋನಲ್ಲಿ ತೆಗೆದಿದ್ದೆಲ್ಲ ನೋಡಿದೀಯಲ್ಲ, ಬರೀ ಯಾರದೋ ತಲೆ, ಯಾರದೋ ಬಿಯರ್ ಬಾಟ್ಲಿ. ನಾಳೆ ಯಾರಾದ್ರೂ ಮಿಗ್ದಾಲಿಯಾ ಹೇಗೆ ಕುಣೀತಿದ್ಲು ಅಂತ ಕೇಳಿದ್ರೆ ತೋರ್ಸೋಕೆ ಇರೋದು ಇದೊಂದೇ. ಇದರಲ್ಲಿ ನಾನು ಕಾಯೋಳಾಗಿದ್ರೆ, ತೋರಿಸ್ಬೇಡ. ನನ್ನ ತೆಗೆದ್ಬಿಟ್ಟು ಸಮುದ್ರ ತೋರ್ಸು, ತೆಂಗಿನಮರ ತೋರ್ಸು. ಎಲ್ರೂ ಅದನ್ನೇ ತಾನೇ ತೋರ್ಸೋದು."

ಅವಳ ದನಿ ಏರಲಿಲ್ಲ. ಬೋಗುಣಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡಳು. "ಊಟ ಮಾಡ್ಕೊಂಡೇ ಹೋಗು. ಅನ್ನಕ್ಕೆ ತೊಗರಿಕಾಳು ಹಾಕ್ತಿದೀನಿ."

*

ಮರುದಿನ ಬೆಳಿಗ್ಗೆ ದಲಿಮಾರ್ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿದ್ದಳು. ಮೊದಲ ವರ್ಷದವರಿಗೆ ಶಬ್ದದ ವೇಗದ ಪ್ರಯೋಗ ಮಾಡಿಸುವುದು ಅವಳ ಪಾಳಿ. ಉದ್ದ ಕೊಳವೆಯ ಒಂದು ತುದಿಯಲ್ಲಿ ಚಿಟಿಕೆ, ಎರಡೂ ತುದಿಯಲ್ಲಿ ಮೈಕ್. ಪರದೆಯ ಮೇಲೆ ಎರಡು ಶಿಖರ. ಒಬ್ಬ ಹುಡುಗಿ ಕೈ ಎತ್ತಿ, "ಎರಡು ಶಿಖರ ಒಂದರ ಮೇಲೊಂದು ಬರ್ತಿಲ್ಲ. ಸರಿಸಿ ಕೂಡಿಸ್ಲಾ?" ಎಂದು ಕೇಳಿದಳು.

"ಬೇಡ," ಎಂದಳು ದಲಿಮಾರ್. "ಆ ಅಂತರಾನೇ ನೀನು ಅಳೀಬೇಕಾಗಿರೋದು. ಅದನ್ನ ಅಳಿಸಿಬಿಟ್ರೆ ಪ್ರಯೋಗ ಎಲ್ಲಿ ಉಳೀತು?"

ಹೇಳಿ ಮುಗಿಸಿ ಅಲ್ಲಿಯೇ ನಿಂತಳು. ತಡ ಎಂಬುದು ಎರಡು ಬಗೆ. ಒಂದು ಉಪಕರಣದ ತಪ್ಪು, ಅದನ್ನು ತಿದ್ದಬೇಕು. ಇನ್ನೊಂದು ನೋಡಲು ಹೊರಟ ವಿಷಯವೇ. ಎದುರಿಗಿರುವುದು ಯಾವುದು ಎಂದು ಉಪಕರಣ ಹೇಳುವುದಿಲ್ಲ, ನೋಡುವವರಿಗೆ ಮೊದಲೇ ಗೊತ್ತಿರಬೇಕು. ಅಂಗಳದ ಗಾಳಿ ಒಂದು ಫ್ರೇಮಿನ ತಪ್ಪು ಮಾಡಿತ್ತು. ಉಳಿದದ್ದು ತೀತಿ.

ಮಧ್ಯಾಹ್ನ ಎಡಿಟಿಂಗ್ ಕೋಣೆಗೆ ಹೋಗಿ, ಗಾಳಿಯ ಪಾಲನ್ನು ಬಿಟ್ಟು ಉಳಿದ ಸರಿಸುವಿಕೆಯನ್ನೆಲ್ಲ ವಾಪಸು ತೆಗೆದಳು. ಸನ್ನೆ ಮುಂದೆ ಬಂತು. ಆದರೂ ಏನೋ ಸರಿಯಿರಲಿಲ್ಲ. ಈಗ ತೀತಿ ಕಾಯುತ್ತಿರಲಿಲ್ಲ ನಿಜ. ಆದರೆ ಏನು ಉತ್ತರ ಬರುತ್ತದೆಂದು ಬಾಯಿಪಾಠ ಮಾಡಿಕೊಂಡು ಪ್ರಶ್ನೆ ಕೇಳುವವಳಂತೆ ಕಂಡಳು. ಸ್ಟುಡಿಯೋದಲ್ಲಿ ಗೋಡೆಗೆ ಕೊಟ್ಟ ಉತ್ತರಗಳವು. ಅವುಗಳಿಗೆ ಎಷ್ಟು ಚೆನ್ನಾಗಿ ಪ್ರಶ್ನೆ ಹೊಂದಿಸಿದರೂ ನಾಟಕವೇ.

ಸನ್ನೆಗಳನ್ನು ಸ್ಲೋ ಮೋಷನ್ನಿಗೆ ಹಾಕಿ ನೋಡಿದಳು. ಲಂಗ ಮೋಡದಂತೆ ಎದ್ದು ಮೋಡದಂತೆ ಇಳಿಯಿತು. ಚೆಂದವಾಗಿತ್ತು. ಆದರೆ ತೀತಿಯ ಸನ್ನೆ ಎಂದರೆ ಹಲ್ಲಿಯ ನಾಲಿಗೆ, ಕಂಡಿತೆನ್ನುವಷ್ಟರಲ್ಲಿ ಒಳಗೆ. ಅದನ್ನು ನಿಧಾನಿಸಿದರೆ ಬೇರೆ ಹೆಂಗಸಾಗುತ್ತಿದ್ದಳು. ಒಂದು ಚಿತ್ರ ಇನ್ನೊಂದರಲ್ಲಿ ಕರಗುವಂತೆ ಮಾಡಿದಳು. ಒಂದು ಕಾಲು ಮಾಯವಾಗುವ ಮುನ್ನ ಇನ್ನೊಂದು ಕಾಲು ಮೂಡಿ, ಯಾವ ಹೆಜ್ಜೆ ಮೊದಲು ಎಂಬುದೇ ಕದಡಿಹೋಯಿತು. ಪ್ರೊಫೆಸರ್ ಲುಗೊ ಹೊರಟವರು ಬಾಗಿಲಲ್ಲಿ ನಿಂತು, ಪರದೆಯನ್ನು ಎರಡು ಭಾಗ ಮಾಡಿ ಒಂದರಲ್ಲಿ ನರ್ತಕಿ, ಒಂದರಲ್ಲಿ ಡ್ರಮ್ಮು ಇಡಬಹುದಲ್ಲ ಎಂದರು. ಅದನ್ನೂ ಮಾಡಿದಳು. ಕಣ್ಣು ಪಿಂಗ್‌ಪಾಂಗ್ ಚೆಂಡಿನಂತೆ ಆಚೆ ಈಚೆ ಓಡಿ, ಡ್ರಮ್ಮಿನ ಕಡೆ ಇದ್ದಾಗ ಸನ್ನೆ ತಪ್ಪಿತು, ಸನ್ನೆಯ ಕಡೆ ಇದ್ದಾಗ ಕೈ ತಪ್ಪಿತು.

ಕೊನೆಗೆ, ಬೇರೆ ಏನೂ ಉಳಿಯದೆ, ಸ್ಪೀಕರ್ ಆರಿಸಿ ತೆಗೆದ ಆ ಕಡೆಯ ತುಣುಕನ್ನು ತೆರೆದಳು.

ಎಲಿಯೂತ್ ಕ್ಯಾಮೆರಾವನ್ನು ಅಲುಗಾಡಿಸದೆ, ಅಂಗಳ ಪೂರ್ತಿ ಕಾಣುವಂತೆ ಇಟ್ಟಿದ್ದ. ತೀತಿ ಸುತ್ತು ಹಾಕಿ ಬಂದು ದೋನ್ ಹೆನಾರೊಗೆ ತಲೆಬಾಗಿದಳು. ನಿಂತಳು. ಎಷ್ಟು ಹೊತ್ತು ನಿಂತಳೆಂದರೆ, ಪ್ರಿಮೊ ಮೇಲಿದ್ದ ಮುದುಕರ ಕೈಗಳು ಗಾಳಿಯಲ್ಲೇ ಉಳಿದವು. ಆಮೇಲೆ ಲಂಗದ ಬಲ ಅಂಚು ಒಂದು ಸಲ ಸಿಡಿಯಿತು. ಪೆಟ್ಟು ಬಿತ್ತು. ಎಡಕ್ಕೆ ಎರಡು. ಎರಡು ಪೆಟ್ಟು. ದೋನ್ ಹೆನಾರೊ ಅವಳ ಮುಖ ನೋಡುತ್ತಿರಲಿಲ್ಲ; ಲಂಗದ ಅಂಚು ಹಿಡಿದ ಅವಳ ಬೆರಳುಗಳನ್ನು ನೋಡುತ್ತಿದ್ದರು, ಬೆಕ್ಕು ಬಿಲವನ್ನು ನೋಡುವ ಹಾಗೆ. ತೀತಿ ಒಂದು ಸನ್ನೆ ಶುರುಮಾಡಿ ಅರ್ಧಕ್ಕೆ ಬಿಟ್ಟಳು. ಮುದುಕರ ಕೈ ಬೀಳಹೋಗಿ ತಡೆಯಿತು. ತೀತಿ ನಕ್ಕಳು.

ಚಿತ್ರದ ಎಡ ಮೂಲೆಯಲ್ಲಿ ಬುಲೆಯಾದೊರ್ ಹಿಂದೆ ಕುಳಿತ ಒಬ್ಬ ಹುಡುಗಿ, ತಲೆ ತಗ್ಗಿಸಿ, ನೆಲ ನೋಡುತ್ತಿದ್ದಳು. ಅಲ್ಲೇ ನಾಲ್ಕು ಹೆಜ್ಜೆ ಆಚೆ ಇದೆಲ್ಲ ನಡೆಯುತ್ತಿತ್ತು. ದಲಿಮಾರ್ ಆ ಹುಡುಗಿಯನ್ನು ಸ್ವಲ್ಪ ಹೊತ್ತು ನೋಡಿದಳು. ತೀತಿ ಕುಣಿಯುವುದನ್ನು ತಾನು ಇಷ್ಟು ವರ್ಷ ಕೇಳಿದ್ದೆನೇ ಹೊರತು ನೋಡಿರಲಿಲ್ಲ ಎಂಬುದು ಆಗ ಅವಳಿಗೆ ಹೊಳೆಯಿತು. ತುಣುಕನ್ನು ಮತ್ತೆ ಮೊದಲಿನಿಂದ ಹಾಕಿದಳು.

*

"ಇಲ್ಲ," ಎಂದ ಎಲಿಯೂತ್.

ಇಬ್ಬರೂ ಕ್ಯಾಂಟೀನಿನ ಹೊರಗೆ ಮಾವಿನ ಮರದ ಕೆಳಗೆ ಕುಳಿತಿದ್ದರು. ಅವನ ಕೈಯಲ್ಲಿ ಪ್ಲಾಸ್ಟಿಕ್ ಲೋಟದ ತೆಂಗಿನ ಐಸು ಕರಗುತ್ತಿತ್ತು.

"ಪೂರ್ತಿ ಹಾಡಲ್ಲ ಎಲಿ. ಡ್ರಮ್ಮಿನ ಭಾಗ ಮಾತ್ರ. ಸ್ಟುಡಿಯೋದ ಡ್ರಮ್ ತೆಗೆದು, ಅಂಗಳದ್ದು ಹಾಕ್ತೀನಿ. ಆಮೇಲೆ ನಿನ್ನ ಹಾಡು ಹಾಗೇ ವಾಪಸ್ ಬರುತ್ತೆ."

"ಆ ಡ್ರಮ್ ಗಾಜಿನ ಥರ ಇದೆ ಕಣೇ. ಪ್ರತಿ ಬೆರಳೂ ಬೇರೆ ಬೇರೆ ಕೇಳುತ್ತೆ. ಅಂಗಳದಲ್ಲಿ ಏನಿದೆ? ಮೋಟಾರ್‌ಸೈಕಲ್. ಯಾರೋ ಪಾತ್ರೆ ತೊಳೀತಿದಾರೆ. ಹುಂಜ. ಹುಂಜ, ದಲಿಮಾರ್. ನನ್ನ ಮೊದಲನೇ ಹಾಡಲ್ಲಿ ಹುಂಜ."

"ಒಂದೇ ಸಲ ಕೂಗುತ್ತೆ."

"ಅದೂ ತಾಳ ತಪ್ಪಿ."

"ಆಮೇಲೆ, ಆ ಭಾಗ ಸ್ವಲ್ಪ ಉದ್ದ ಆಗುತ್ತೆ," ಎಂದಳು. ಹೇಳಬೇಕಾದದ್ದನ್ನೆಲ್ಲ ಒಟ್ಟಿಗೇ ಹೇಳಿಬಿಡುವುದು ಒಳ್ಳೆಯದೆಂದು ತೋರಿತು.

ಎಲಿಯೂತ್ ಐಸನ್ನು ಪಕ್ಕಕ್ಕಿಟ್ಟ. "ನಿಮ್ಮ ತೀತಿ ಅಂದ್ರೆ ನಂಗೂ ಇಷ್ಟ. ಅವರ ಕೈ ಅನ್ನ ತಿಂದಿದೀನಿ, ಸುಳ್ಳು ಹೇಳಲ್ಲ. ಆದ್ರೆ ಜನ ಕೇಳೋದು ಹಾಡನ್ನ. ಶುಕ್ರವಾರ ಅಲ್ಲಿ ಕೂತೋರಿಗೆ ಯಾರು ಮುಂದೆ ಯಾರು ಹಿಂದೆ ಅಂತ ಏನು ಗೊತ್ತಾಗುತ್ತೆ?"

ದಲಿಮಾರ್ ಲ್ಯಾಪ್‌ಟಾಪ್ ತೆರೆದು, ಅಂಗಳದ ತುಣುಕನ್ನು ಹಾಕಿ, ಶಬ್ದ ಪೂರ್ತಿ ಆರಿಸಿದಳು. "ನೋಡು ಅಷ್ಟೇ. ಏನೂ ಹೇಳ್ಬೇಡ."

ಅವನು ನೋಡಿದ. ತೀತಿ ನಿಂತಳು. ಕಾಯಿಸಿದಳು. ಲಂಗದ ಬಲ ಅಂಚು ಸಿಡಿಯಿತು. ಎಲಿಯೂತನ ತೋರುಬೆರಳು ಬೆಂಚಿನ ಮರಕ್ಕೆ ಬಡಿಯಿತು. ಎಡಕ್ಕೆ ಎರಡು. ಬೆರಳು ಎರಡು ಸಲ. ತಾನು ಬಡಿಯುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ಅರ್ಧಕ್ಕೆ ಬಿಟ್ಟ ಸನ್ನೆ ಬಂದಾಗ ಬೆರಳು ಬೀಳಹೋಗಿ ಗಾಳಿಯಲ್ಲಿ ನಿಂತಿತು. ಅವನು ಆ ಬೆರಳನ್ನು ನೋಡಿಕೊಂಡ.

"ಈಗ ಸ್ಟುಡಿಯೋದ್ದು," ಎಂದು ದಲಿಮಾರ್ ಹಳೆಯ ಜೋಡಣೆಯನ್ನು ಶಬ್ದವಿಲ್ಲದೆ ಹಾಕಿದಳು. ಕಾಲು, ಕೈ, ಲಂಗ, ಮುಖ. ಬೆರಳು ಸುಮ್ಮನಿತ್ತು.

ಎಲಿಯೂತ್ ಕರಗಿದ ಐಸನ್ನು ಕುಡಿದು ಲೋಟ ಹಿಂಡಿದ. "ಹುಂಜದ ಹೆಸರೂ ಕೊನೇಲಿ ಹಾಕು," ಎಂದ. "ಸುಮ್ನೆ ಅಲ್ಲ, ನನ್ನ ಹೆಸರಿನ ಕೆಳಗೆ. ಸಣ್ಣ ಅಕ್ಷರದಲ್ಲಿ."

"ಹುಂಜದ ಹೆಸರು ಗೊತ್ತಿಲ್ವಲ್ಲ."

"ಕೇಳ್ಕೊಂಡು ಬಾ. ನಿಂಗೆ ಎಲ್ಲಾ ಸರಿಯಾಗಿರ್ಬೇಕಲ್ಲ."

*

ಎರಡು ಶಬ್ದಗಳನ್ನು ಬೆಸೆಯುವ ಕೆಲಸ ಅವಳು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಚಿತ್ರೀಕರಣದ ದಿನ ಹಾಡನ್ನು ಕೇಳಿ ಕೇಳಿ ಅದರ ನಡೆ ಅವಳ ಕೈಯಲ್ಲಿ ಉಳಿದಿತ್ತು. ಬುಲೆಯಾದೊರ್ ಸರಿಸುಮಾರು ಅದೇ ವೇಗದಲ್ಲಿತ್ತು. ನೆಲ ನೋಡುತ್ತ ಕುಳಿತ ಆ ಹುಡುಗಿ ಒಂದು ಉಪಕಾರವನ್ನಂತೂ ಮಾಡಿದ್ದಳು.

ಎಲಿಯೂತ್ ಹಾಡುವ ಕೊನೆಯ ಸಾಲು ಇನ್ನೂ ಮುಗಿಯದಿರುವಾಗಲೇ ಅಂಗಳದ ಶಬ್ದ ಮೆಲ್ಲನೆ ಕೆಳಗಿನಿಂದ ಬರುವಂತೆ ಮಾಡಿದಳು: ದೂರದ ಮೋಟಾರ್‌ಸೈಕಲ್, ಪಾತ್ರೆಯ ಸದ್ದು, ಎಲೆಗಳ ಗಾಳಿ. ಕೇಳುವವರಿಗೆ ಏನೋ ಬದಲಾಗುತ್ತಿದೆಯೆಂದು ಅನಿಸಬೇಕು, ಏನೆಂದು ತಿಳಿಯಬಾರದು. ಆಮೇಲೆ ಚಿತ್ರ ಅಂಗಳಕ್ಕೆ ಬರುತ್ತದೆ. ತೀತಿ ನಿಂತಿದ್ದಾಳೆ. ಅಲ್ಲಿಂದ ಮುಂದೆ ಒಂದೂ ಕತ್ತರಿ ಇಲ್ಲ. ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತ ಹುಡುಗಿಯನ್ನೂ ಅವಳು ತೆಗೆಯಲಿಲ್ಲ.

ಅದನ್ನು ಕೂಡಿಸಿದ ಮೇಲೆ ಹಾಡಿನ ಉಳಿದ ಭಾಗ ಹೊಂದಲಿಲ್ಲ. ಪೆಟ್ಟಿಗೆ ಸರಿಯಾಗಿ ಬದಲಾಗುವ ಚಿತ್ರಗಳು ಈಗ ಮೊಳೆ ಹೊಡೆದಂತೆ ಕಂಡವು. ದಲಿಮಾರ್ ಮೊದಲ ಕತ್ತರಿಯನ್ನು ಹಿಡಿದು, ಪೆಟ್ಟಿಗಿಂತ ತುಸು ಮುಂಚೆ ಸರಿಸಿ ನೋಡಿದಳು. ಚಿತ್ರ ಮೊದಲು ಬಂತು. ಪೆಟ್ಟು ಅದನ್ನು ಕಂಡು ಬಿದ್ದಂತೆ ಕೇಳಿಸಿತು. ಎರಡನೆಯದನ್ನೂ ಸರಿಸಿದಳು. ಎಲ್ಲಕ್ಕೂ ಒಂದೇ ಅಳತೆ ಹಿಡಿಯಲಿಲ್ಲ. ತೀತಿ ಕೆಲವು ಸಲ ಬೇಗ ಪ್ರಶ್ನೆ ಕೇಳುತ್ತಿದ್ದಳು, ಕೆಲವು ಸಲ ಆಡಿಸಿ ಕೇಳುತ್ತಿದ್ದಳು. ಕಣ್ಣಿಗೆ ಬಿಟ್ಟು, ಹಸಿರು ಗೆರೆಯ ಮೇಲೆ ಒಂದು ಕಾಗದ ಅಂಟಿಸಿ, ಒಂದೊಂದನ್ನೇ ಮಾಡುತ್ತ ಹೋದಳು. ಸಂಜೆಯ ಹೊತ್ತಿಗೆ ಹಾಡಿನುದ್ದಕ್ಕೂ ಚಿತ್ರ ಪ್ರಶ್ನೆ ಕೇಳುತ್ತಿತ್ತು, ಹಾಡು ಉತ್ತರ ಕೊಡುತ್ತಿತ್ತು.

ಪ್ರೊಫೆಸರ್ ಲುಗೊ ನೋಡಿ, "ಮೊದಲಿನಷ್ಟು ಚೊಕ್ಕವಾಗಿಲ್ಲ," ಎಂದರು. ಈ ಸಲ ಗಲ್ಲ ಕೆರೆದುಕೊಳ್ಳಲಿಲ್ಲ. "ಕಾರಣ?"

"ಚಿಕ್ಕಮ್ಮ ಒಪ್ಪಿದ್ರೆ ಶುಕ್ರವಾರ ಹೇಳ್ತೀನಿ, ಸರ್. ಒಪ್ಪದೆ ಇದ್ರೆ ತೆಂಗಿನಮರ ತೋರಿಸ್ತೀನಿ."

*

ಭಾನುವಾರ ಊಟವಾದ ಮೇಲೆ ಎಲ್ಲರೂ ಮಿಗ್ದಾಲಿಯಾಳ ಮುಂದಿನ ಕೋಣೆಯಲ್ಲಿ ಟಿವಿಯ ಎದುರು ಕುಳಿತರು. ಮರುದಿನ ಬೆಳಿಗ್ಗೆ ಅವಳು ಆಸ್ಪತ್ರೆಗೆ ಹೊರಡಬೇಕು. ಸಣ್ಣ ಪೆಟ್ಟಿಗೆ ಬಾಗಿಲ ಪಕ್ಕ ಸಿದ್ಧವಾಗಿತ್ತು. ದೋನ್ ಹೆನಾರೊ ಚಾಕುವಿನಿಂದ ಮಾವಿನಹಣ್ಣು ಹೆಚ್ಚುತ್ತಿದ್ದರು. ಎಲಿಯೂತ್ ತಂತಿ ಸಿಕ್ಕಿಸಿ ಹಿಂದೆ ಗೋಡೆಗೊರಗಿ ನಿಂತ. ಅವನ ಹಾಡು, ಕೂರಲಾಗಲಿಲ್ಲ.

ಹಾಡು ಶುರುವಾಯಿತು. ಮಿಗ್ದಾಲಿಯಾ ಕೈಗಳನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ದಲಿಮಾರ್ ಟಿವಿಯನ್ನು ನೋಡಲಿಲ್ಲ, ಆ ಕೈಗಳನ್ನು ನೋಡಿದಳು. ಕೊನೆಯ ಸಾಲಿನ ಅಡಿಯಲ್ಲಿ ಪಾತ್ರೆಯ ಸದ್ದು ಬಂದಾಗ ಮಿಗ್ದಾಲಿಯಾ ಅಡುಗೆಮನೆಯ ಕಡೆ ತಿರುಗಿದಳು, ಆಮೇಲೆ ಮತ್ತೆ ಟಿವಿಯ ಕಡೆ. ಅಂಗಳ ಬಂತು. ಟಿವಿಯಲ್ಲಿ ಅವಳು ನಿಂತಳು. ಕುರ್ಚಿಯಲ್ಲಿ ಅವಳ ಬಲಗೈ ಲಂಗದ ಬಟ್ಟೆಯನ್ನು ಬೆರಳ ತುದಿಯಲ್ಲಿ ಹಿಡಿಯಿತು. ಹಿಡಿದೇ ಇತ್ತು, ಕುಣಿತ ಮುಗಿಯುವವರೆಗೂ.

ಮುಗಿಯುವ ಮುನ್ನ ಒಂದು ಕಡೆ, ಟಿವಿಯೊಳಗಿನ ಮಿಗ್ದಾಲಿಯಾ ಲಂಗವನ್ನು ಮುಟ್ಟದೆ ಎಡ ಭುಜವನ್ನು ಮಾತ್ರ ಚುರುಕಾಗಿ ಎತ್ತಿ ಇಳಿಸಿದಳು. ಅಲ್ಲಿನ ದೋನ್ ಹೆನಾರೊ ಇನ್ನೂ ಅವಳ ಬೆರಳನ್ನೇ ನೋಡುತ್ತಿದ್ದರು. ಪೆಟ್ಟು ತಡವಾಗಿ, ಬೆಪ್ಪಾಗಿ ಬಿತ್ತು. ಹುಂಜ ಕೂಗಿದ್ದು ಆಗಲೇ.

ಹಾಡು ಮುಗಿಯಿತು. ಮೊದಲು ಬಾಯಿ ತೆರೆದವರು ದೋನ್ ಹೆನಾರೊ.

"ಆ ಭುಜದ್ದನ್ನ ಕತ್ತರಿಸ್ಬೇಕು, ಮಗಳೇ."

"ಒಂದು ಕೂದಲೂ ಮುಟ್ಬೇಡ," ಎಂದಳು ಮಿಗ್ದಾಲಿಯಾ.

"ನಾನು ತಪ್ಪಿದೀನಿ ಅಲ್ಲಿ. ಹುಂಜ ಕೂಡ ನಗ್ತಿದೆ."

"ನೀವು ತಪ್ಪಿದ್ದಲ್ಲ. ನಾನು ತಪ್ಪಿಸಿದ್ದು. ಬೇರೆ ಬೇರೆ ವಿಷಯ ಅದು." ಅವಳು ಲಂಗದ ಬಟ್ಟೆಯನ್ನು ಬಿಟ್ಟು ನೆರಿಗೆ ಸರಿಮಾಡಿದಳು. "ಅದೊಂದು ಇರೋದಕ್ಕೇ ಉಳಿದಿದ್ದೆಲ್ಲ ನಿಜ ಅಂತ ಗೊತ್ತಾಗುತ್ತೆ. ನೀನೇನು ಹೇಳ್ತೀಯಾ, ದಲಿ?"

"ಮುಟ್ಟಲ್ಲ ತೀತಿ. ಇಲ್ಲಿ ಯಾಕೆ ಕತ್ತರಿ ಹಾಕ್ಲಿಲ್ಲ ಅಂತ ಸರ್ ಕೇಳಿದ್ರೆ, ಆ ಭುಜಾನೇ ಕಾರಣ ಅಂತ ಹೇಳ್ತೀನಿ."

"ದೋನ್ ಹೆನಾರೊ," ಎಂದ ಎಲಿಯೂತ್ ಗೋಡೆಯ ಕಡೆಯಿಂದ, "ಶಬ್ದ ತೆಗೆದು ಒಂದ್ಸಲ ನೋಡಿ. ನಂಗೂ ಹಾಗೇ ಮಾಡ್ಸಿದ್ಲು. ಬೆರಳು ತಾನಾಗೇ ಓಡುತ್ತೆ."

ಶಬ್ದ ಆರಿಸಿ ಅಂಗಳದ ಭಾಗವನ್ನು ಮತ್ತೆ ಹಾಕಿದರು. ದೋನ್ ಹೆನಾರೊ ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ಕುರ್ಚಿಯ ಮರದ ಕೈಯ ಮೇಲೆ ನುಡಿಸಿದರು. ಲಂಗ, ಪೆಟ್ಟು. ಎಡಕ್ಕೆ ಎರಡು, ಎರಡು. ಅರ್ಧಕ್ಕೆ ಬಿಟ್ಟದ್ದಕ್ಕೆ ಕೈ ತಡೆದರು. ಭುಜ ಎದ್ದಿತು, ಪೆಟ್ಟು ಅಲ್ಲಿಯೇ, ಚೊಕ್ಕವಾಗಿ, ಅದರ ಬೆನ್ನಿಗೇ ಬಿತ್ತು.

"ಹಿಡಿದೆ," ಎಂದರು.

"ಒಂದ್ಸಲ ನೋಡಿದ್ದನ್ನ ಯಾರು ಬೇಕಾದ್ರೂ ಹಿಡೀತಾರೆ," ಎಂದಳು ಮಿಗ್ದಾಲಿಯಾ. ತಟ್ಟೆಯಿಂದ ಒಂದು ಹೋಳು ಮಾವಿನಹಣ್ಣು ತೆಗೆದುಕೊಂಡಳು. "ಶುಕ್ರವಾರ ತೋರ್ಸು, ಮಗಳೇ. ನಾನು ಆಸ್ಪತ್ರೆ ಹಾಸಿಗೆ ಮೇಲಿರ್ತೀನಿ. ಇವರನ್ನ ಮುಂದಿನ ಸಾಲಲ್ಲಿ ಕೂರ್ಸು, ಎಲ್ರಿಗೂ ಕಾಣೋ ಹಾಗೆ."